ಮಳೆಗೆ ನಾನು ಕೊಟ್ಟ ಸುಳ್ಳು ಸಾಕ್ಷಿ

ಹನ್ನೆರಡು ವರ್ಷಗಳ ಹಿಂದೆ ನಾನೊಂದು ಸುಳ್ಳು ವರದಿ ಬರೆದು ಸಹಿ ಹಾಕಿದೆ. ಅದರಿಂದ ಅಣ್ಣ ತಮ್ಮ ಇಬ್ಬರು ದೂರವಾದರು. ತಮ್ಮ ಸಾಯುವವರೆಗೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಾಗೆ ಬರೆಯೆಂದು ನನಗೆ ಯಾರೂ ಹೇಳಿರಲಿಲ್ಲ, ಹೆದರಿಸಿರಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಮುಂದೆ ಬರೆಯುತ್ತ ಹೋದಂತೆ ನೆಪ ಹುಡುಕಿಕೊಂಡೇನು ಎಂಬ ಭಯ ನನಗೇ ಇದೆ.

ಆಗ ನಾನು ಧಾರವಾಡದ ಹೊರಗಿನ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ಬಾಯ್ಲರಿನ ನೀರು ಪರೀಕ್ಷಿಸುವುದು ನನ್ನ ಕೆಲಸ. ಹುಸೇನಸಾಬ ಕಾಕಾ ಮಾಳಮಡ್ಡಿಯ ನಮ್ಮ ಓಣಿಗೆ ಪಾಲಕ್, ಮೆಂತ್ಯ ಸೊಪ್ಪು ಮಾರಲು ಬರುತ್ತಿದ್ದರು. ಅವರ ಹೊಲ ನಮ್ಮ ಕಾರ್ಖಾನೆಯ ಗೋಡೆಗೆ ಹತ್ತಿಕೊಂಡೇ ಇತ್ತು. ಆ ವರ್ಷ ಮೊದಲ ಜಿನುಗು ಮಳೆ ಬಿದ್ದ ಎರಡೇ ದಿನಕ್ಕೆ ಅವರ ಸೊಪ್ಪಿನ ಮೇಲೆ ಸುಟ್ಟಂಥ ಕಂದು ಚುಕ್ಕೆಗಳೆದ್ದವು. ಇಡೀ ಬೆಳೆ ಹೋಯಿತು. ಹಿಂದಿನ ವಾರವಷ್ಟೇ ಅವರು ತಮ್ಮನಾದ ದಾದಾಪೀರನ ಅಂಗಡಿಯಿಂದ ಕೀಟದ ಔಷಧ ತಂದು ಹೊಡೆದಿದ್ದರು. ದಾದಾಪೀರ ಅಮ್ಮಿನಬಾವಿಯಲ್ಲಿ ಬೀಜ, ಔಷಧ ಮಾರುತ್ತಿದ್ದ.

ಮತ್ತೆ ಹನಿದಾಗ ಕಾಕಾ ಸ್ಟೀಲಿನ ಪಾತ್ರೆಯಲ್ಲಿ ಮಳೆನೀರು ಹಿಡಿದು, ಬಾಟಲಿಗೆ ತುಂಬಿ ನಮ್ಮ ಮನೆಗೆ ತಂದರು.

"ಬೇಟಿ, ನೀ ನೀರು ನೋಡೋ ಕೆಲಸದಾಗ ಇದ್ದಿ. ಇದನ್ನಷ್ಟು ನೋಡಿ ಹೇಳವಾ. ತಪ್ಪು ಮಳೀದೋ, ನನ್ನ ತಮ್ಮನ ಔಷಧದ್ದೋ, ತಿಳೀಬೇಕು."

ಅಂದರೆ — ನನ್ನ ಉತ್ತರ ಯಾರ ಮೇಲೆ ಬೀಳುತ್ತದೆಂದು ನನಗೆ ಅವತ್ತೇ ಗೊತ್ತಿತ್ತು.

ಪರೀಕ್ಷಿಸಿದೆ. ಚೊಕ್ಕ ಮಳೆನೀರೂ ತುಸು ಹುಳಿಯೇ, ಪಿಎಚ್ ಐದೂವರೆಯ ಆಸುಪಾಸು ಇರುತ್ತದೆ. ಇದು ನಾಲ್ಕಕ್ಕಿಂತ ಕೆಳಗಿತ್ತು, ಹೆಚ್ಚುಕಡಿಮೆ ಕಿತ್ತಳೆ ರಸದಷ್ಟು ಹುಳಿ. ಕಾರಣ ನಮ್ಮ ಚಿಮಣಿ. ಆ ಬೇಸಿಗೆಯಿಡೀ ಬಾಯ್ಲರಿಗೆ ಗಂಧಕ ಹೆಚ್ಚಿದ್ದ ಅಗ್ಗದ ಕಲ್ಲಿದ್ದಲು ಹಾಕುತ್ತಿದ್ದರು. ಹೊಗೆ ತೊಳೆಯುವ ಯಂತ್ರ ಕೆಟ್ಟು ನಿಂತಿತ್ತು. ಆ ಹೊಗೆ ಗಾಳಿಯ ತೇವದಲ್ಲಿ ಕರಗಿ ಗಂಧಕಾಮ್ಲವಾಗುತ್ತದೆ. ಜೋರು ಮಳೆಯಾದರೆ ತೊಳೆದು ಹೋದೀತು. ಜಿನುಗು ಹನಿ ಎಲೆಯ ಮೇಲೆ ಕೂತು ಸುಡುತ್ತದೆ. ನಮ್ಮ ಸೈಕಲ್ ಶೆಡ್ಡಿನ ತಗಡು ಎರಡೇ ವರ್ಷಕ್ಕೆ ತೂತು ಬಿದ್ದಿತ್ತು. ಕಾಕಾನ ಎರೆಮಣ್ಣಿನಲ್ಲಿ ಸುಣ್ಣದಂಶ ಇರುವುದರಿಂದ ಅದು ಹುಳಿಯನ್ನು ಅರಗಿಸಿಕೊಳ್ಳುತ್ತದೆ — ಬೇರೆಯವರು ಮಣ್ಣು ಪರೀಕ್ಷಿಸಿದರೂ ಏನೂ ಸಿಗದು ಎಂದೂ ನಾನು ಯೋಚಿಸಿದೆ. ಹೌದು, ಅಷ್ಟು ದೂರ ಯೋಚಿಸಿದೆ. ಎಷ್ಟೋ ವರ್ಷ ಗುತ್ತಿಗೆಯ ಮೇಲೆ ದುಡಿದ ನಂತರ ನನ್ನ ನೌಕರಿ ಖಾಯಂ ಆಗುವುದರಲ್ಲಿತ್ತು.

ಹಾಳೆಯ ಮೇಲೆ ಪಿಎಚ್ 'ಆರು' ಎಂದು ಬರೆದು, ಸಹಿ ಹಾಕಿ ಕೊಟ್ಟೆ. "ಮಳೀದೇನೂ ತಪ್ಪಿಲ್ಲ ಕಾಕಾ" ಎಂದೆ.

ಕಾಕಾ ಆ ಹಾಳೆ ಹಿಡಿದುಕೊಂಡು ನೆಟ್ಟಗೆ ಅಮ್ಮಿನಬಾವಿಗೆ ಹೋದರು. ಸಂತೆಯ ದಿನ, ಅಂಗಡಿ ಮುಂದೆ ಜನ. "ಒಡಹುಟ್ಟಿದವಗ ಖೊಟ್ಟಿ ಔಷಧ ಕೊಟ್ಟಿ, ಊರ ಮಂದೀಗೆ ಇನ್ನೇನ ಕೊಡ್ತೀಯೋ!" ಎಂದು ಕೂಗಾಡಿದರಂತೆ. ದಾದಾಪೀರ ಕುರಾನಿನ ಮೇಲೆ ಆಣೆ ಮಾಡಿದನಂತೆ. ಯಾರೂ ನಂಬಲಿಲ್ಲ. ವರ್ಷದೊಳಗೆ ಅಂಗಡಿ ಮುಚ್ಚಿತು. ಅವನು ಹುಬ್ಬಳ್ಳಿಯಲ್ಲಿ ಬಾಡಿಗೆ ಆಟೋ ಓಡಿಸಿದ. ನಾಲ್ಕು ವರ್ಷದ ನಂತರ ಎದೆನೋವೆಂದು ಅವನನ್ನು ಸತ್ತೂರಿನ ಆಸ್ಪತ್ರೆಗೆ ತಂದಾಗ ಕಾಕಾನಿಗೆ ಸುದ್ದಿ ಮುಟ್ಟಿತ್ತು. ಕಾಕಾ ಹೋಗಲಿಲ್ಲ. ಅವನು ಅಲ್ಲೇ ತೀರಿಕೊಂಡ; ಕಾಕಾ ಮಣ್ಣಿಗೂ ಹೋಗಲಿಲ್ಲ. ಮರುದಿನ ನಮ್ಮ ಓಣಿಗೆ ಸೊಪ್ಪು ತಂದಿದ್ದರು. ನಾನು ಎರಡು ಸಿವುಡು ಮೆಂತ್ಯ ಕೊಂಡೆ — ಅವತ್ತಾದರೂ ಬಾಯಿ ಬಿಡಬಹುದಿತ್ತಲ್ಲ...

ಕಾರ್ಖಾನೆ ಈಗ ಮುಚ್ಚಿದೆ. ನಾನು ನಿವೃತ್ತಳಾಗಿದ್ದೇನೆ. ಮೌನವಾಗಿರಲು ಹೊಟ್ಟೆಪಾಡಿನ ಕಾರಣವೂ ಉಳಿದಿಲ್ಲ. ಆದರೂ ಎರಡು ವರ್ಷ ತಡೆದೆ. ಕಳೆದ ತಿಂಗಳು ಕಾಕಾನ ಮನೆಗೆ ಹೋಗಿ, ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. "ಅಂವಾ ಆಣಿ ಮಾಡಿದ್ದ" ಎಂದರು. ಮತ್ತೆ ಅದನ್ನೇ ಅಂದರು. ಆಮೇಲೆ, "ನೀ ಹೋಗು. ಅವನ ಹೇಣ್ತಿ ಮುಂದ ಹೇಳು. ನನಗ ಅಕಿ ಮುಂದ ನಿಲ್ಲೂ ಶಕ್ತಿ ಇಲ್ಲ" ಎಂದು ಎದ್ದು ಒಳಗೆ ಹೋದರು.

ದಾದಾಪೀರನ ಹೆಂಡತಿ ಬೀಬಿಜಾನ ಅಮ್ಮಿನಬಾವಿಯಲ್ಲಿಯೇ ಬಟ್ಟೆ ಹೊಲಿಯುತ್ತಾಳೆ. ಹೊಲಿಯುವುದನ್ನು ನಿಲ್ಲಿಸಿ ಪೂರಾ ಕೇಳಿಸಿಕೊಂಡಳು. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ ತಡೆದಳು.

"ನನ್ನ ಗಂಡ ಖರೇ ಮನಷ್ಯಾ ಅಂತ ನನಗ ಅವತ್ತ ಗೊತ್ತಿತ್ತರಿ. ನನಗೇನ ಹೇಳ್ತೀರಿ? ಅವ್ರಿಗೆ ಮೋಸಗಾರ ಅಂದಿದ್ದು ಊರು. ಹೇಳೂದಿದ್ರ ಊರಿಗೆ ಹೇಳ್ರಿ."

ಬಾಗಿಲ ತನಕವೂ ಬರಲಿಲ್ಲ. ಮಿಷನ್ನು ಮತ್ತೆ ಸದ್ದು ಮಾಡತೊಡಗಿತು.

ಅದಕ್ಕಾಗಿಯೇ ಇದನ್ನು ಬರೆದಿದ್ದೇನೆ. ಬರುವ ಸಂತೆಯ ದಿನ ಅಮ್ಮಿನಬಾವಿಗೆ ಹೋಗಿ, ದಾದಾಪೀರನ ಅಂಗಡಿಯಿದ್ದ ಜಾಗದಲ್ಲಿ ನಿಂತು, ಜನ ಸೇರಿದಾಗ ಗಟ್ಟಿಯಾಗಿ ಓದುತ್ತೇನೆ. ಅವರು ಏನು ಅಂದರೂ ನಿಂತು ಕೇಳಿಸಿಕೊಳ್ಳುತ್ತೇನೆ.