ಖಾಡಿಯಿಂದ ಬಂದ ಲಕ್ಷ್ಮಿ

ಖರ್ಚಿಲ್ಲದ ಪಿಕ್ನಿಕ್ ಅಂತ ನಾನು ಭಾನುವಾರ ಸಮುದ್ರದ ನೀರು ಒಳಬರುವ ಐರೋಲಿಯ ಖಾಡಿ ದಂಡೆಯಲ್ಲಿ ಸ್ವಯಂಸೇವಕರ ಜೊತೆ ಕಸ ಹೆಕ್ಕಲು ಹೋಗುತ್ತೇನೆ. ಮೊನ್ನೆ ಕೆಸರಿನಲ್ಲಿ ಲಕ್ಷ್ಮಿಯ ಪಟ ಸಿಕ್ಕಿತು. ಹಳೆಯ ದೇವರ ಪಟವನ್ನು ಕಸಕ್ಕೆ ಹಾಕಬಾರದೆಂದು ಜನ ನೀರಿಗೆ ಬಿಡುತ್ತಾರೆ. ಅದನ್ನು ಕಸದ ಚೀಲಕ್ಕೆ ತುಂಬಲು ನಮಗೂ ಮನಸ್ಸು ಬರಲಿಲ್ಲ.

ಜೊತೆಗಿದ್ದ ಉಡುಪಿಯ ಶಾರದಕ್ಕ ಸೆರಗಿನಿಂದ ಕೆಸರು ಒರೆಸಿ, "ನಮ್ಮಲ್ಲಿ ಆಗಲೇ ಮೂರು ಲಕ್ಷ್ಮಿ ಉಂಟು ಮಾರಾಯ್ತಿ, ನೀನೇ ತಕ್ಕೊಂಡು ಹೋಗು" ಎಂದು ನನ್ನ ಕೈಗಿಟ್ಟರು.

ಮನೆಗೆ ಮರಳುವಾಗ ಲೋಕಲ್ ರೈಲಿನಲ್ಲಿ ಪಟ ನೋಡಿ ಒಬ್ಬಾಕೆ ಎದ್ದು ಸೀಟು ಕೊಟ್ಟಳು. ಬರೀ ನನಗಾಗಿ ಇದುವರೆಗೆ ಯಾರೂ ಎದ್ದಿರಲಿಲ್ಲ.

ಮನೆಯಲ್ಲಿ ಅತ್ತೆ ಭಕ್ತಿಯಿಂದ ಕೈಮುಗಿದು, "ಗಾಜು ಒಡೆದಿದೆ, ಮನೇಲಿಡಬಾರ್ದು. ಬರೋ ಭಾನುವಾರ ಹೇಗೂ ಹೋಗ್ತೀಯಲ್ಲ, ಖಾಡಿಗೆ ಬಿಟ್ಟು ಬಾ" ಎಂದರು.

ಸದ್ಯಕ್ಕೆ ಲಕ್ಷ್ಮಿ ಫ್ರಿಜ್ ಮೇಲಿದ್ದಾಳೆ. ಬಿಟ್ಟು ಬಂದರೆ, ಅವಳನ್ನು ಮತ್ತೆ ಹೆಕ್ಕಬೇಕಾದವಳೂ ನಾನೇ.