ಗಂಧ ಹಚ್ಚಿದ ಬಂದೂಕು

ನಾನು ಚಿಕ್ಕವಳಿದ್ದಾಗ ಇದೇ ಒಮಾನಿನ ನಿಜ್ವಾದಲ್ಲಿ ನನ್ನ ಜೊತೆ ಆಡಲು ಒಂದು ನರಪಿಳ್ಳೆಯೂ ಇರಲಿಲ್ಲ ಮಕ್ಕಳೇ. ಅಪ್ಪ ಅಲ್ಲಿನ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಆಗ ಅಲ್ಲಿ ನಮ್ಮಂಥವರಿಗೆ ಶಾಲೆಯಿಲ್ಲದ ಕಾರಣ ಅಕ್ಕ ಉಡುಪಿಯಲ್ಲೇ ಉಳಿದಿದ್ದಳು. ನನಗೆ ಅಮ್ಮನೇ ಮನೆಯಲ್ಲಿ ಮಗ್ಗಿ ಹೇಳಿಕೊಡುತ್ತಿದ್ದಳು. ಮಧ್ಯಾಹ್ನವಾದರೆ ಖರ್ಜೂರದ ತೋಟದಲ್ಲಿ ನೀರು ಹರಿಯುವ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಗೋಡೆಯ ಜೊತೆ ಮಾತಾಡಿ ನನಗೆ ಸಾಕುಸಾಕಾಗಿತ್ತು.

ನನಗಿದ್ದ ಒಬ್ಬನೇ ಗೆಳೆಯನೆಂದರೆ ಪಕ್ಕದ ಮನೆಯ ಒಮಾನಿ ಅಜ್ಜ. ನಾನು ಅವರನ್ನು ಜದ್ದಿ ಎನ್ನುತ್ತಿದ್ದೆ, ಅಲ್ಲಿಯ ಮಾತಲ್ಲಿ ಅಜ್ಜ ಅಂತಲೇ ಅರ್ಥ. ಅವರ ಬಳಿ ಅವರಪ್ಪನ ಕಾಲದ ಬಂದೂಕೊಂದಿತ್ತು. ಗುಂಡು ಹಾರಿಸಲು ಒತ್ತುವ ಕುದುರೆಯ ಕೆಳಗೊಂದು ಲಿವರ್. ಎಳೆದರೆ ಟಕ್ ಎಂದು ಬಾಯಿ ತೆರೆಯುತ್ತಿತ್ತು, ಗುಂಡು ಹಾಕಿ ಮೇಲೆತ್ತಿದರೆ ಮುಚ್ಚುತ್ತಿತ್ತು. ಹರೆಯದಲ್ಲಿ ಅದನ್ನು ಹೆಗಲಿಗೇರಿಸಿ ಬೆಟ್ಟದಲ್ಲಿ ಕಾಡುಮೇಕೆ ಹೊಡೆದಿದ್ದರಂತೆ. ನಾನು ಕಂಡಾಗ ಅದು ಹೊರಡುತ್ತಿದ್ದದ್ದು ಶುಕ್ರವಾರ ಸಂಜೆ ಒಣಹೊಳೆಯಲ್ಲಿ ನಡೆಯುವ ಗುರಿ ಪಂದ್ಯಕ್ಕೆ ಮಾತ್ರ.

ಗುರುವಾರ ಅದನ್ನು ಒರೆಸುವುದು ನನ್ನ ಕೆಲಸ. ಗುಂಡುಗಳನ್ನೆಲ್ಲ ತೆಗೆದಿಟ್ಟು, ಬಟ್ಟೆ ಕೈಗೆ ಕೊಟ್ಟು, "ಯಲ್ಲಾ ಬಿಂತಿ, ಶುರು ಮಾಡು" ಎನ್ನುತ್ತಿದ್ದರು. ಬಿಂತಿ ಎಂದರೆ ಮಗಳು. ಎಣ್ಣೆಯ ವಾಸನೆ, ಅವರ ಕಾಫಿಯ ಏಲಕ್ಕಿ ಪರಿಮಳ, ಬೆರಳಿಗೆ ತಣ್ಣಗೆ ತಾಗುವ ಕಬ್ಬಿಣ, ನನ್ನ ವಾರವೆಲ್ಲ ಅಷ್ಟರಲ್ಲೇ ಇತ್ತು.

ಅವರ ಕೈ ನಡುಗಲು ಶುರುವಾಗಿತ್ತು. ಮುದುಕ ಇನ್ನು ಕೂತು ನೋಡಲಿ ಎಂದು ಪಂದ್ಯಕ್ಕೆ ಬರುವ ಹುಡುಗರು ಆಡಿಕೊಳ್ಳುತ್ತಿದ್ದರು. ಈ ಶುಕ್ರವಾರ ಹೊಡೆಯಲಾಗದಿದ್ದರೆ ಮತ್ತೆ ಪಂದ್ಯದ ಸಾಲಿನಲ್ಲಿ ನಿಲ್ಲುವುದಿಲ್ಲ ಎಂದು ಜದ್ದಿ ಅಪ್ಪನಿಗೆ ಹೇಳಿದ್ದರು.

ಆ ಶುಕ್ರವಾರದ ಹಿಂದಿನ ದಿನ ಆಯುಧಪೂಜೆ. ಅಪ್ಪ ಕತ್ತರಿ, ತಕ್ಕಡಿಗಳಿಗೆ ಗಂಧ ಕುಂಕುಮ ಹಚ್ಚಿದರು. ಜದ್ದಿಯ ಬಂದೂಕಿಗೆ ಪೂಜೆ ಮಾಡುವವರು ಯಾರೂ ಇಲ್ಲವಲ್ಲ ಎಂದು ನನಗೆ ಪಾಪ ಅನ್ನಿಸಿತು. ಮಿಕ್ಕ ಗಂಧವನ್ನು ಬಟ್ಟಲಲ್ಲಿ ಒಯ್ದು, ಬಂದೂಕು ಒರೆಸಿಯಾದ ಮೇಲೆ ಅವರು ನಮಾಜಿಗೆ ಹೋಗಿದ್ದಾಗ ಲಿವರಿಗೆ ದಪ್ಪಗೆ ಮೆತ್ತಿ, ಕುಂಕುಮವಿಟ್ಟು ಕೈಮುಗಿದೆ. ಕಂಡರೆ ಬೇಸರಿಸಿಕೊಂಡಾರೆಂದು ಆಮೇಲೆ ಒರೆಸಿಯೂ ಬಿಟ್ಟೆ. ಸಂದಿಯೊಳಗೆ ಇಳಿದದ್ದು ಎಲ್ಲಿ ಕಾಣಬೇಕು? ಅದು ರಾತ್ರಿ ಕಳೆಯುವಷ್ಟರಲ್ಲಿ ಗಟ್ಟಿಯಾಗಿತ್ತು.

ಶುಕ್ರವಾರ ಜದ್ದಿಯ ಸರದಿ ಬಂತು. ದೂರದ ಬಿಳಿ ಕಲ್ಲೇ ಗುರಿ. ಲಿವರ್ ಎಳೆದರು, ಅಲುಗಲಿಲ್ಲ. ಇನ್ನೊಮ್ಮೆ ಎಳೆದರು. ಹುಡುಗರು ನಕ್ಕರು. ಜದ್ದಿ ಉಗುರಿನಿಂದ ಸಂದಿಯನ್ನು ಕೆರೆದು, ಮೂಸಿ, ಅಪ್ಪನ ಪಕ್ಕ ಕೂತಿದ್ದ ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

"ಬಂದೂಕಿಗೆ ಏನಾಯ್ತು?" ಒಬ್ಬ ಹುಡುಗ ಕೇಳಿದ.

"ಬಂದೂಕು ಸರಿಯಾಗಿದೆ. ನನ್ನ ಕೈಯಲ್ಲೇ ಬಲ ಇಲ್ಲ. ಖಲಾಸ್," ಎಂದು ಜದ್ದಿ ಹೋಗಿ ನೋಡುವವರ ಸಾಲಿನಲ್ಲಿ ಕೂತರು.

"ಎಂತ ಮಗಾ, ಯಾಕೆ ಅಳುದು?" ಎಂದು ದಾರಿಯಲ್ಲಿ ಅಪ್ಪ ಕೇಳಿದರು. ಕಣ್ಣಿಗೆ ಧೂಳು ಬಿತ್ತು ಎಂದೆ.

ಮುಂದಿನ ಗುರುವಾರ ಜದ್ದಿ ಗೋಡೆಯಾಚೆಯಿಂದ "ಬಿಂತಿ" ಎಂದು ಕರೆದರು. ನಾನು ಅಕ್ಕಿ ಮೂಟೆಯ ಹಿಂದೆ ಅಡಗಿದೆ. "ಹೋಗು ಮಾರಾಯ್ತಿ, ಅವರು ಕರೀತಾ ಇದ್ದಾರೆ," ಎಂದು ಅಮ್ಮ ಹೇಳಿದರೂ ಏಳಲಿಲ್ಲ. ಅದರ ಮುಂದಿನ ವಾರವೂ ಕರೆದರು. ಆಮೇಲೆ ಕರೆಯಲಿಲ್ಲ. ವರ್ಷದೊಳಗೆ ಅಪ್ಪನಿಗೆ ಮಸ್ಕತ್ತಿಗೆ ವರ್ಗವಾಯಿತು.

ಈಗ ಮಸ್ಕತ್ತಿನ ಬೌಷರಿನ ಈ ಫ್ಲ್ಯಾಟಿನಲ್ಲಿ ನೀವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎಲ್ಲೆಲ್ಲಿಯದೋ ಗೆಳೆಯರ ಜೊತೆ ಪರದೆಯ ಮೇಲೆ ಗುಂಡು ಹಾರಿಸುತ್ತೀರಿ. ಎಡವಟ್ಟಾದರೆ "ಸಾರಿ, ಮೈ ಫಾಲ್ಟ್" ಎಂದು ಕೂಗಿ ಮರುಕ್ಷಣವೇ ಹೊಸ ಆಟ ಶುರುಮಾಡುತ್ತೀರಿ. ನಿಮಗದು ಎಷ್ಟು ಸಲೀಸು! ಕೇಳಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮೆರಡು ಮನೆಗಳ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ. ಅಷ್ಟು ದೂರ ನಡೆದು, ನಾನೇ ಮಾಡಿದ್ದು ಎಂದು ಹೇಳಿದ್ದರೆ ನನಗೆ ಗೆಳೆಯ ಉಳಿಯುತ್ತಿದ್ದ, ಅದನ್ನೇ ಆ ಹುಡುಗರ ಮುಂದೆ ಹೇಳಿದ್ದರೆ ಅವರಿಗೆ ಸಾಲಿನಲ್ಲಿ ಜಾಗ ಉಳಿಯುತ್ತಿತ್ತು. ನಾನು ಹೇಳಲಿಲ್ಲ.