ದಾನಿಗಳ ಫೋಟೊ ಎಲ್ಲಿತ್?

ಗೆಳೆಯರೆ, ಇವತ್ತು ಕುಂದಾಪುರದ ಆಸ್ಪತ್ರೆಯಲ್ಲಿ ನಾನೊಂದು ತರಲೆ ಪ್ರಶ್ನೆ ಕೇಳಿದೆ.

ನನ್ನ ಹೆಂಡತಿ ಗುಲಾಬಿಗೆ ಸ್ನಾಯು ಸೋಲುವ ಅಪರೂಪದ ಕಾಯಿಲೆ. ಸ್ನಾಯು ಸೋತರೂ ಬಾಯಿ ಸೋತಿಲ್ಲ. "ಎಲ್ಲೋ ನಾಕ್ ಜನಕ್ಕೆ ಬಪ್ಪ ಕಾಯ್ಲಿ, ಇದ್ಕೆ ಮದ್ದ್ ಯಾರ್ ಹುಡುಕ್ತ್ರ್?" ಎಂಬುದೇ ಅವಳ ಕೊರಗು.

ಡಾಕ್ಟರಮ್ಮ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದರು. ವೈದ್ಯಕೀಯ ಸಂಶೋಧನೆಗೆ ನೆರವು ಕೊಡುವ ದತ್ತಿ ಸಂಸ್ಥೆಗಳು, ಯಾವ ರೋಗದ ಅಧ್ಯಯನಕ್ಕೆ ಯಾರಿಗೆ ಹಣ ಕೊಟ್ಟೆವೆಂದು ಒಂದೇ ಜಾಲತಾಣದಲ್ಲಿ ಬರೆದಿಡುತ್ತವಂತೆ. ಯಾವ ಕಾಯಿಲೆಯನ್ನು ಯಾರೂ ನೋಡುತ್ತಿಲ್ಲ ಎಂಬುದೂ ಅದರಿಂದ ಗೊತ್ತಾಗುತ್ತದಂತೆ. ಗುಲಾಬಿಯ ಕಾಯಿಲೆಯನ್ನು ಹುಡುಕಿದರು. ಎರಡು ಕಡೆ ಸಂಶೋಧನೆ ನಡೆಯುತ್ತಿತ್ತು.

ನಾನು ಸುಮ್ಮನಿರಬೇಕಲ್ಲ. "ದಾನಿಗಳ ಫೋಟೊ ಎಲ್ಲಿತ್ ಅಮ್ಮ? ನಮ್ ಭಜನಾ ಮಂದಿರಕ್ಕೆ ಫ್ಯಾನ್ ಕೊಟ್ಟರ್, ರೆಕ್ಕಿ ರೆಕ್ಕಿ ಮೇಲೂ ಹೆಸ್ರ್ ಬರ್ಸಿರ್. ಓದುಕೆ ಫ್ಯಾನ್ ಆಫ್ ಮಾಡ್ಕ್" ಎಂದೆ.

ಡಾಕ್ಟರಮ್ಮ ನಕ್ಕರು. "ಇಲ್ಲಿ ದೊಡ್ಡ ಅಕ್ಷರ ಕಾಯ್ಲಿ ಹೆಸ್ರಿಗೆ ಅಜ್ಜಯ್ಯ."

ಗುಲಾಬಿ ನಗಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು. "ಮದ್ದ್ ಸಿಕ್ಕಿತ್ತಾ?"

"ಇನ್ನೂ ಇಲ್ಲೆ ಅಮ್ಮ. ಹುಡ್ಕ್ತಾ ಇದ್ರ್."

"ಹುಡ್ಕ್ಲಿ. ಹುಡ್ಕುವರ್ ಇದ್ರಲ್ದಾ, ಅಷ್ಟ್ ಸಾಕ್."

ಗುರುತಿಲ್ಲದ ಆ ದಾನಿಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಬಸ್ಸಿನಲ್ಲಿ ನಮ್ಮೂರು ನಾವುಂದ ಬರುವವರೆಗೂ ನಾನು ಒಂದು ಮಾತೂ ಆಡಲಿಲ್ಲ. ಕೊನೆಗೆ ಗುಲಾಬಿಯೇ ನನ್ನ ಹಣೆ ಮುಟ್ಟಿ, ಜ್ವರ ಬಂದಿದೆಯಾ ಎಂದು ನೋಡಿದಳು.